ಆಹಾರದೊಳಗಿನ ಪೈಪೋಟಿ: ರೋಗಾಣುಗಳು ಮತ್ತು ಅವುಗಳ ನೆರೆಹೊರೆ

ಆಹಾರದಲ್ಲಿ ರೋಗಾಣು ಒಂಟಿಯಾಗಿ ಇರುವುದು ಅಪರೂಪ. ಕೊಚ್ಚಿದ ಹಸಿ ಮಾಂಸದ ಒಂದು ಗ್ರಾಮಿನಲ್ಲಿ ಹತ್ತು ಸಾವಿರದಿಂದ ಹತ್ತು ಲಕ್ಷದವರೆಗೆ ಬ್ಯಾಕ್ಟೀರಿಯಾ ಇರುವುದುಂಟು. ಅವುಗಳಲ್ಲಿ ಹೆಚ್ಚಿನವು ಮನುಷ್ಯನಿಗೆ ಕೇಡು ಮಾಡದ ಜಾತಿಗಳು. ಸಾಲ್ಮೊನೆಲ್ಲಾ ಸೇರಿಕೊಂಡಿದ್ದರೂ ಆ ಸಂದಣಿಯಲ್ಲಿ ಅದು ಬೆರಳೆಣಿಕೆಯಷ್ಟು ಮಾತ್ರ. ಆ ಬೆರಳೆಣಿಕೆ ನಾಳೆಗೆ ನೂರಾಗುತ್ತದೋ ಲಕ್ಷವಾಗುತ್ತದೋ ಎಂಬುದನ್ನು ಉಷ್ಣತೆ, ಉಪ್ಪು, ಹುಳಿ, ತೇವ ಇವೇ ತೀರ್ಮಾನಿಸುತ್ತವೆ ಎಂದು ಪಠ್ಯಗಳು ಸಾಮಾನ್ಯವಾಗಿ ಹೇಳುತ್ತವೆ. ಅದು ಸುಳ್ಳಲ್ಲ, ಆದರೆ ಸಾಲದು. ರೋಗಾಣುವಿನ ಜೊತೆಗೆ ಬೇರೆ ಯಾವ ಜಾತಿಗಳಿವೆ, ಎಷ್ಟಿವೆ, ಅವುಗಳಲ್ಲಿ ಯಾವುದು ಮೊದಲು ನೆಲೆಯೂರಿತು ಎಂಬುದೂ ಅಷ್ಟೇ ಮುಖ್ಯ. ಕೆಲವು ಆಹಾರಗಳಲ್ಲಂತೂ ಉಳಿದೆಲ್ಲಕ್ಕಿಂತ ಈ ಅಂಶದ ಕೈಯೇ ಮೇಲು.

ಆಹಾರಜನ್ಯ ರೋಗಾಣುಗಳಲ್ಲಿ ಬಹುಪಾಲು ಪೈಪೋಟಿಯಲ್ಲಿ ದುರ್ಬಲ. ಸಾಲ್ಮೊನೆಲ್ಲಾ ಪ್ರಾಣಿಗಳ ಕರುಳಿಗೆ, ಸ್ಟಫೈಲೋಕಾಕಸ್ ಆರಿಯಸ್ ಮೂಗಿನ ಹೊಳ್ಳೆಗೆ ಮತ್ತು ಚರ್ಮಕ್ಕೆ ಹೊಂದಿಕೊಂಡ ಜೀವಿಗಳು. ಹಾಲು, ಹಿಟ್ಟು, ಸೊಪ್ಪು ಅವಕ್ಕೆ ಪರಸ್ಥಳ. ಅಲ್ಲಿ ತಲೆಮಾರುಗಳಿಂದ ಬೀಡುಬಿಟ್ಟಿರುವುದು ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ, ಸ್ಯೂಡೊಮೊನಾಸ್ ಮೊದಲಾದ ಗುಂಪುಗಳು.

1962ರಲ್ಲಿ ಇಂಗ್ಲೆಂಡಿನ ಜೆ. ಇ. ಜೇಮ್ಸನ್ ‘ಜರ್ನಲ್ ಆಫ್ ಹೈಜೀನ್’ ಪತ್ರಿಕೆಯಲ್ಲಿ ಸಾಲ್ಮೊನೆಲ್ಲಾ ಬೆಳವಣಿಗೆಯ ಲೆಕ್ಕಾಚಾರದ ಮೇಲೆ ಒಂದು ಪ್ರಬಂಧ ಪ್ರಕಟಿಸಿದರು. ಅವರ ಮುಂದಿದ್ದದ್ದು ಪ್ರಯೋಗಾಲಯದ ನಿತ್ಯದ ತೊಡಕು: ಮಾದರಿಯಲ್ಲಿರುವ ಕೆಲವೇ ಸಾಲ್ಮೊನೆಲ್ಲಾಗಳನ್ನು ಪೋಷಕ ದ್ರವದಲ್ಲಿ ಬೆಳೆಸಿ ಪತ್ತೆಹಚ್ಚುವುದು ಹೇಗೆ? ಒಟ್ಟಿಗೆ ಬೆಳೆಯುವ ಜಾತಿಗಳ ಒಟ್ಟು ಸಂಖ್ಯೆ ತನ್ನ ಗರಿಷ್ಠವನ್ನು ಮುಟ್ಟಿದ ಗಳಿಗೆಯಲ್ಲಿ ಬಹುಸಂಖ್ಯಾತ ಜಾತಿ ಬೆಳೆಯುವುದನ್ನು ನಿಲ್ಲಿಸುತ್ತದೆ, ಅದರೊಂದಿಗೆ ಅಲ್ಪಸಂಖ್ಯಾತ ಸಾಲ್ಮೊನೆಲ್ಲಾ ಕೂಡ ನಿಂತುಬಿಡುತ್ತದೆ ಎಂಬುದನ್ನು ಅವರು ತೋರಿಸಿದರು. ಅಲ್ಪಸಂಖ್ಯಾತ ಜಾತಿ ತನ್ನ ಸ್ವಂತ ಗರಿಷ್ಠದಿಂದ ಎಷ್ಟೇ ದೂರದಲ್ಲಿರಲಿ, ಓಟ ಅಲ್ಲಿಗೆ ಮುಗಿಯಿತು. ಈ ವಿದ್ಯಮಾನಕ್ಕೆ ಮುಂದೆ ‘ಜೇಮ್ಸನ್ ಪರಿಣಾಮ’ ಎಂಬ ಹೆಸರೇ ನಿಂತಿತು.

ಒಂದು ಲೆಕ್ಕ ಹಾಕಿ ನೋಡಿದರೆ ಇದರ ಬಲ ತಿಳಿಯುತ್ತದೆ. ನಿರ್ವಾತ ಪೊಟ್ಟಣದ ಮೀನಿನ ಒಂದು ಗ್ರಾಮಿನಲ್ಲಿ 10 ಲಿಸ್ಟೀರಿಯಾ ರೋಗಾಣುಗಳು, 10,000 ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಇವೆ ಎಂದಿಟ್ಟುಕೊಳ್ಳೋಣ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ 10 ಕೋಟಿಗೆ ಏರಿದಾಗ ಎಲ್ಲವೂ ನಿಲ್ಲುತ್ತದೆ. ಅಲ್ಲಿಗೆ ಅವು ಹತ್ತು ಸಾವಿರ ಪಟ್ಟು ಹೆಚ್ಚಿರುತ್ತವೆ. ಲಿಸ್ಟೀರಿಯಾ ಅದೇ ವೇಗದಲ್ಲಿ ಬೆಳೆದಿದ್ದರೆ ಅದೂ ಹತ್ತು ಸಾವಿರ ಪಟ್ಟಾಗಿ ಒಂದು ಲಕ್ಷಕ್ಕೆ ಏರಿರುತ್ತದೆ, ಅದು ಅಪಾಯದ ಮಟ್ಟ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಮೊದಲೇ 10 ಲಕ್ಷ ಇದ್ದಿದ್ದರೆ? ಗರಿಷ್ಠಕ್ಕೆ ನೂರು ಪಟ್ಟಿನ ದೂರವಷ್ಟೇ ಉಳಿದಿರುತ್ತಿತ್ತು. ಲಿಸ್ಟೀರಿಯಾ ಸಾವಿರಕ್ಕೆ ನಿಲ್ಲುತ್ತಿತ್ತು. ಲಿಸ್ಟೀರಿಯಾದ ವೇಗ ನೆರೆಯವುಗಳ ಅರ್ಧದಷ್ಟಿದ್ದರೆ ಹತ್ತು ಪಟ್ಟಾಗುವಷ್ಟರಲ್ಲೇ, ಅಂದರೆ ನೂರಕ್ಕೇ ಅದರ ಬೆಳವಣಿಗೆ ಮುಗಿಯುತ್ತಿತ್ತು. ಈ ಮೂರೂ ಪ್ರಕರಣಗಳಲ್ಲಿ ಮೀನು ಒಂದೇ, ರೋಗಾಣು ಅಷ್ಟೇ. ಬದಲಾದದ್ದು ನೆರೆಹೊರೆಯ ಆರಂಭದ ಸಂಖ್ಯೆ ಮತ್ತು ಎರಡರ ವೇಗಗಳ ಅನುಪಾತ. ಯುರೋಪಿನ 2005ರ ನಿಯಮಾವಳಿ ಕೆಲವು ಸಿದ್ಧ ಆಹಾರಗಳಿಗೆ ಬಳಕೆಯ ಅವಧಿ ಮುಗಿಯುವವರೆಗೆ ಗ್ರಾಮಿಗೆ 100 ಲಿಸ್ಟೀರಿಯಾದ ಮಿತಿ ಹಾಕಿದೆ. ಆ ಮಿತಿಯ ಪಕ್ಕದಲ್ಲಿಟ್ಟು ನೋಡಿದಾಗ ಮೇಲಿನ ಲೆಕ್ಕದ ವ್ಯತ್ಯಾಸ ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ.

ಇದೇ ನಿಯಮ ಪ್ರಯೋಗಾಲಯದ ವರದಿಯನ್ನೂ ದಾರಿತಪ್ಪಿಸಬಲ್ಲದು. ಸಾಲ್ಮೊನೆಲ್ಲಾ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 25 ಗ್ರಾಂ ಮಾದರಿಯನ್ನು 225 ಮಿಲಿಲೀಟರ್ ಪೆಪ್ಟೋನ್ ನೀರಿನಲ್ಲಿ ಒಂದು ರಾತ್ರಿ ಬೆಳೆಸಿ, ಬಳಿಕ ಉಳಿದವನ್ನು ಅಡಗಿಸುವ ದ್ರವಕ್ಕೆ ಸಾಗಿಸುತ್ತಾರೆ. ಮೊದಲ ರಾತ್ರಿಯೇ ನೆರೆಯ ಜಾತಿಗಳು ಗರಿಷ್ಠ ಮುಟ್ಟಿದರೆ ಸಾಲ್ಮೊನೆಲ್ಲಾ ಪತ್ತೆಯಾಗುವಷ್ಟು ಹೆಚ್ಚಿರುವುದೇ ಇಲ್ಲ. ಲಿಸ್ಟೀರಿಯಾದ ವಿಷಯದಲ್ಲಿ ತೊಡಕು ಇನ್ನೂ ಸೂಕ್ಷ್ಮ. ರೋಗ ತರುವ ಲಿಸ್ಟೀರಿಯಾ ಮೊನೊಸೈಟೊಜೆನ್ಸ್‌ಗೆ ಅತಿ ಹತ್ತಿರದ ಬಂಧುವಾದ, ಆದರೆ ನಿರಪಾಯಕಾರಿಯಾದ ಲಿಸ್ಟೀರಿಯಾ ಇನ್ನೊಕುವಾ ಅದೇ ದ್ರವದಲ್ಲಿ ಹೆಚ್ಚು ಚೆನ್ನಾಗಿ ಬೆಳೆದು ಅದನ್ನು ಹಿಂದಿಕ್ಕುತ್ತದೆ. ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದು ಬರೆದಿದ್ದರೆ ಅದನ್ನು ‘ಇಲ್ಲ’ ಎಂದು ಓದಬಾರದು ಎನ್ನುವುದಕ್ಕೆ ಇದೊಂದು ಗಟ್ಟಿ ಕಾರಣ.

ಬೆಳವಣಿಗೆ ನಿಲ್ಲಲು ಕಾರಣವೇನು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಎರಡು ಬಗೆಯ ಪೈಪೋಟಿಯನ್ನು ಬೇರ್ಪಡಿಸಿ ನೋಡಬೇಕು. ಮೊದಲನೆಯದು ಬರಿಯ ಹಂಚಿಕೆಯದು. ಸಕ್ಕರೆ, ಅಮೈನೊ ಆಮ್ಲ, ಆಮ್ಲಜನಕ, ಕಬ್ಬಿಣ ಇವು ಎಲ್ಲರಿಗೂ ಬೇಕು. ಮುಂದಿದ್ದ ಜಾತಿ ಮುಗಿಸಿದ ಮೇಲೆ ಹಿಂದಿದ್ದದ್ದಕ್ಕೆ ಉಳಿಯುವುದಿಲ್ಲ. ಮಾಂಸ, ಮೀನುಗಳ ಮೇಲಿನ ಸ್ಯೂಡೊಮೊನಾಸ್ ಕಬ್ಬಿಣದ ಅಯಾನುಗಳನ್ನು ಬಿಗಿಯಾಗಿ ಹಿಡಿಯುವ ಅಣುಗಳನ್ನು ಹೊರಬಿಟ್ಟು ಸುತ್ತಲಿನ ಕಬ್ಬಿಣವನ್ನೆಲ್ಲ ತನ್ನ ಪಾಲಿಗೆ ಎಳೆದುಕೊಳ್ಳುತ್ತದೆ. ಲಾಟ್ಕಾ 1925ರಲ್ಲಿ, ವೊಲ್ಟೆರಾ 1926ರಲ್ಲಿ ರೂಪಿಸಿದ ಸಮೀಕರಣಗಳೂ, ರಷ್ಯದ ಗೌಸ್ 1934ರ ಪುಸ್ತಕದಲ್ಲಿ ಪ್ಯಾರಮೀಸಿಯಂ ಮೇಲೆ ನಡೆಸಿ ವಿವರಿಸಿದ ಪ್ರಯೋಗಗಳೂ ಈ ಬಗೆಯ ಪೈಪೋಟಿಗೆ ಗಣಿತದ ಭಾಷೆ ಕೊಟ್ಟವು. ಇಂದು ಆಹಾರದ ಬಾಳಿಕೆಯನ್ನು ಮುಂಗಾಣುವ ತಂತ್ರಾಂಶಗಳು ಅದನ್ನೇ ಬಳಸುತ್ತವೆ.

ಎರಡನೆಯದು ನೇರ ಹಗೆತನ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತದೆ. ಅಯಾನಾಗಿ ಒಡೆಯದ ಆಮ್ಲದ ಅಣು ಕೋಶದ ಪೊರೆಯನ್ನು ಸಲೀಸಾಗಿ ದಾಟಿ ಒಳಗೆ ಹೋಗಿ ಅಲ್ಲಿ ಒಡೆಯುತ್ತದೆ. ಕೋಶ ತನ್ನ ಶಕ್ತಿಯನ್ನೆಲ್ಲ ಹುಳಿಯನ್ನು ಹೊರದಬ್ಬಲು ಸುರಿಯಬೇಕಾಗುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದಿಂದ ಹುಳಿ ಮಾಡಿದ ದ್ರವದಲ್ಲಿ ಪಿಎಚ್ ಸುಮಾರು 4ರವರೆಗೂ ಬೆಳೆಯಬಲ್ಲ ಸಾಲ್ಮೊನೆಲ್ಲಾ, ಲ್ಯಾಕ್ಟಿಕ್ ಆಮ್ಲದಲ್ಲಿ 4.4ರ ಹೊತ್ತಿಗೇ, ಅಸಿಟಿಕ್ ಆಮ್ಲದಲ್ಲಿ 5.4ರ ಹೊತ್ತಿಗೇ ನಿಲ್ಲುವುದು ಇದರಿಂದಲೇ. ಹೈಡ್ರೋಜನ್ ಪೆರಾಕ್ಸೈಡ್, ಡೈಅಸಿಟೈಲ್, ಇಂಗಾಲದ ಡೈಆಕ್ಸೈಡ್ ಕೂಡ ಇದೇ ಸಾಲಿಗೆ ಸೇರುತ್ತವೆ.

ಹಗೆತನದ ಅತ್ಯಂತ ನಿಖರ ಆಯುಧ ಬ್ಯಾಕ್ಟೀರಿಯೋಸಿನ್ ಎಂಬ ಸಣ್ಣ ಪ್ರೋಟೀನು. ಹಾಲಿನ ಕೆಲವು ಬ್ಯಾಕ್ಟೀರಿಯಾಗಳು ಇತರ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ ಎಂದು ಅಮೆರಿಕದ ರಾಜರ್ಸ್ ಮತ್ತು ವಿಟ್ಟಿಯರ್ 1928ರಲ್ಲಿ ಕಂಡುಕೊಂಡರು. 1947ರಲ್ಲಿ ಇಂಗ್ಲೆಂಡಿನ ಮ್ಯಾಟಿಕ್ ಮತ್ತು ಹರ್ಷ್ ಆ ವಸ್ತುವನ್ನು ನೈಸಿನ್ ಎಂದು ಕರೆದರು. 34 ಅಮೈನೊ ಆಮ್ಲಗಳ ಈ ಅಣು ಕೋಶಭಿತ್ತಿ ಕಟ್ಟಲು ಬೇಕಾದ ‘ಲಿಪಿಡ್ 2’ ಎಂಬ ಘಟಕವನ್ನು ಹಿಡಿದುಕೊಂಡು, ಅದನ್ನೇ ಊರುಗಂಬ ಮಾಡಿಕೊಂಡು ಪೊರೆಗೆ ತೂತು ಕೊರೆಯುತ್ತದೆ. ಲಿಸ್ಟೀರಿಯಾ, ಕ್ಲಾಸ್ಟ್ರಿಡಿಯಂ, ಬ್ಯಾಸಿಲಸ್‌ಗಳ ಮೇಲೆ ಇದು ನಾಟುತ್ತದೆ. ಹೊರಪೊರೆಯ ರಕ್ಷಣೆಯುಳ್ಳ ಸಾಲ್ಮೊನೆಲ್ಲಾ, ಇ. ಕೋಲೈಗಳ ಮೇಲೆ ಸಾಮಾನ್ಯವಾಗಿ ನಾಟದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1988ರಲ್ಲಿ ಬ್ರೆಡ್ಡಿಗೆ ಸವರುವ ಬಗೆಯ ಚೀಸಿನಲ್ಲಿ ನೈಸಿನ್ ಬಳಕೆಗೆ ಒಪ್ಪಿಗೆ ಕೊಟ್ಟಿತು.

ಈ ಎಲ್ಲ ಬಗೆಗಳನ್ನೂ ಒಟ್ಟಿಗೆ ನೋಡಲು ಇಡ್ಲಿ ಹಿಟ್ಟಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ನೆನೆದ ಉದ್ದು, ಅಕ್ಕಿ ರುಬ್ಬಿದ ಹೊತ್ತಿನಲ್ಲಿ ಹಿಟ್ಟಿನ ಪಿಎಚ್ 6ರ ಆಸುಪಾಸು. ತೇವ, ಪಿಷ್ಟ, ಪ್ರೋಟೀನು, 28-30 ಡಿಗ್ರಿಯ ಬಿಸುಪು: ಯಾವ ರೋಗಾಣುವಿಗೂ ಇದಕ್ಕಿಂತ ಹೇಳಿಮಾಡಿಸಿದ ಜಾಗ ಬೇಡ. ಹಾಗಿದ್ದೂ ಹನ್ನೆರಡು-ಹದಿನೈದು ಗಂಟೆಗಳಲ್ಲಿ ಹಿಟ್ಟು ಉಕ್ಕಿ ಬಂದು, ಪಿಎಚ್ 4.5ರ ಹತ್ತಿರಕ್ಕೆ ಇಳಿದು, ಗ್ರಾಮಿಗೆ ಹತ್ತಾರು ಕೋಟಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ತುಂಬಿಕೊಳ್ಳುತ್ತದೆ. ಉದ್ದಿನ ಬೇಳೆಯ ಮೇಲೆಯೇ ಬರುವ ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್ ಮೊದಲು ಎದ್ದು, ಆಮ್ಲದ ಜೊತೆಗೆ ಹಿಟ್ಟನ್ನು ಉಬ್ಬಿಸುವ ಇಂಗಾಲದ ಡೈಆಕ್ಸೈಡನ್ನೂ ಕೊಡುತ್ತದೆ. ಈ ಪಾತ್ರವನ್ನು ಮುಖರ್ಜಿ, ಸ್ಟೈನ್‌ಕ್ರಾಸ್ ಮೊದಲಾದವರು 1965ರಲ್ಲಿ ಸ್ಪಷ್ಟಪಡಿಸಿದರು. ಹುಳಿಯನ್ನು ಹೆಚ್ಚು ತಾಳುವ ಜಾತಿಗಳು ಆಮೇಲೆ ಮುಂದಾಗುತ್ತವೆ. ಅಷ್ಟರಲ್ಲಿ ರೋಗಾಣುವಿಗೆ ಉಣಿಸೂ ಕಡಿಮೆ, ಹುಳಿಯೂ ಹೆಚ್ಚು. ಚಳಿಗಾಲದಲ್ಲಿ ಹಿಟ್ಟು ಬೇಗ ಹುಳಿಬಾರದೆ ಮೊಂಡುಹಿಡಿದಾಗ ಪೈಪೋಟಿಗಾರರ ಕೆಲಸವೂ ಅಷ್ಟೇ ತಡವಾಗುತ್ತದೆ ಎಂಬುದನ್ನು ಗಮನಿಸಬೇಕು.

ಸುಮಾರು 1025ರಲ್ಲಿ ಚಾವುಂಡರಾಯ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ ಮತ್ತು ಸಂಬಾರ ಪದಾರ್ಥಗಳನ್ನು ಬೆರೆಸುವ ಕ್ರಮವಿದೆ. ಅದರಲ್ಲಿ ಅಕ್ಕಿಯಿಲ್ಲ, ಇಂದಿನಂತೆ ರಾತ್ರಿಯಿಡೀ ಹುದುಗಿಸುವ ಮಾತೂ ಇಲ್ಲ. ಆದರೆ ಮಜ್ಜಿಗೆ, ಮೊಸರಿನ ತಿಳಿ ಎರಡೂ ಜೀವಂತ ಲ್ಯಾಕ್ಟಿಕ್ ಬ್ಯಾಕ್ಟೀರಿಯಾದ ದಟ್ಟ ನೆಲೆಗಳು. ಅವನ್ನು ಬೆರೆಸುವುದೆಂದರೆ, ಮೇಲಿನ ಲೆಕ್ಕದ ಭಾಷೆಯಲ್ಲಿ, ನೆರೆಹೊರೆಯ ಆರಂಭಿಕ ಸಂಖ್ಯೆಯನ್ನು ಒಮ್ಮೆಲೇ ಏರಿಸುವುದು, ಜೊತೆಗೆ ಹುಳಿಯನ್ನೂ ಮೊದಲೇ ತರುವುದು. ಹಾಲಿಗೆ ಹೆಪ್ಪು ಹಾಕುವಾಗ ಪ್ರತಿ ಮನೆಯಲ್ಲೂ ನಡೆಯುವುದು ಇದೇ. ಹೆಪ್ಪು ಹೆಚ್ಚು ಚುರುಕಾಗಿದ್ದಷ್ಟೂ ರೋಗಾಣುವಿಗೆ ಸಿಗುವ ಸಮಯ ಕಡಿಮೆ.

ನೆರೆಹೊರೆ ಇಲ್ಲವಾದಾಗ ಏನಾಗುತ್ತದೆ ಎಂಬುದಕ್ಕೆ ಬೇಯಿಸಿದ ಅಡುಗೆಯೇ ಸಾಕ್ಷಿ. ಕುದಿಯುವಾಗ ಬಹುತೇಕ ಎಲ್ಲ ಬ್ಯಾಕ್ಟೀರಿಯಾಗಳೂ ಸಾಯುತ್ತವೆ, ಬ್ಯಾಸಿಲಸ್ ಸೀರಿಯಸ್‌ನ ಬೀಜಾಣುಗಳಂಥವು ಮಾತ್ರ ಉಳಿಯುತ್ತವೆ. ಅನ್ನವನ್ನು ಹೊರಗೇ ಬಿಟ್ಟರೆ ಅವು ಮೊಳೆತು ಪೈಪೋಟಿಯೇ ಇಲ್ಲದ ಬಯಲಿನಲ್ಲಿ ಹಬ್ಬುತ್ತವೆ. ವಾಂತಿ ತರಿಸುವ ಅವುಗಳ ವಿಷ ಮತ್ತೆ ಕುದಿಸಿದರೂ ಹಾಳಾಗದು. 1970ರ ದಶಕದಲ್ಲಿ ಬ್ರಿಟನ್ನಿನ ಹೋಟೆಲುಗಳ ಹುರಿದ ಅನ್ನದಿಂದ ಹಬ್ಬಿದ ಸರಣಿ ವಾಂತಿ ಪ್ರಕರಣಗಳಿಗೆ ಕಾರಣ ಮೊದಲೇ ಬೇಯಿಸಿ ಹೊರಗಿಟ್ಟಿದ್ದ ಅನ್ನ. ಅನ್ನ ಮಿಕ್ಕಾಗ ಬರಿದೇ ಮುಚ್ಚಿಡುವುದಕ್ಕೂ ಅದಕ್ಕೆ ಹುಳಿ ಮಜ್ಜಿಗೆ ಬೆರೆಸಿಡುವುದಕ್ಕೂ ಸೂಕ್ಷ್ಮಜೀವಿಶಾಸ್ತ್ರದ ದೃಷ್ಟಿಯಿಂದ ದೊಡ್ಡ ಅಂತರವಿದೆ: ಎರಡನೆಯದರಲ್ಲಿ ಬೆಂಕಿ ಕೊಂದ ನೆರೆಹೊರೆ ಮರಳಿ ಬಂದಿರುತ್ತದೆ. ಹಾಗೆಂದು ಅದು ಶೀತಲಪೆಟ್ಟಿಗೆಗೆ ಬದಲಿಯಲ್ಲ.

ದೊಡ್ಡ ಹಂಡೆಗಳಲ್ಲಿ ಬೇಯಿಸಿದ ಮಾಂಸದ ಸಾರಿನಲ್ಲಿ ಬ್ಯಾಸಿಲಸ್ ಸೀರಿಯಸ್‌ನ ಈ ಪಾತ್ರ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್‌ನದು. ಕುದಿ ಅದರ ಬೀಜಾಣುಗಳನ್ನು ಎಬ್ಬಿಸುತ್ತದೆ, ಪೈಪೋಟಿಗಾರರನ್ನು ಕೊಲ್ಲುತ್ತದೆ, ಸಾರಿನೊಳಗಿನ ಆಮ್ಲಜನಕವನ್ನು ಹೊರಹಾಕುತ್ತದೆ. ಮೂರೂ ಅದಕ್ಕೆ ಅನುಕೂಲ. ಸಾರು ನಿಧಾನವಾಗಿ ತಣಿಯುತ್ತ 45 ಡಿಗ್ರಿಯ ಆಸುಪಾಸಿಗೆ ಬಂದಾಗ ಅದು ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಮದುವೆ, ಜಾತ್ರೆಗಳ ಅಡುಗೆಯಲ್ಲಿ ಬೇಯಿಸುವುದಕ್ಕಿಂತ ಬೇಗ ತಣಿಸುವುದು ಕಷ್ಟದ ಕೆಲಸ, ಮುಖ್ಯವಾದ ಕೆಲಸವೂ ಹೌದು.

ಸ್ಟಫೈಲೋಕಾಕಸ್ ಆರಿಯಸ್‌ನ ಕಥೆ ಇದಕ್ಕೆ ಹೊಂದುವಂಥದ್ದೇ. ಹಸಿ ಹಾಲಿನಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾದ ಎದುರು ಅದು ತಲೆಯೆತ್ತುವುದು ಕಷ್ಟ. ಅದೇ ಹಾಲನ್ನು ಗಂಟೆಗಟ್ಟಲೆ ಕಾಯಿಸಿ ಕೋವಾ ಮಾಡಿ, ತಣಿದ ಮೇಲೆ ಬರಿಗೈಯಲ್ಲಿ ಉಂಡೆ ಕಟ್ಟಿದರೆ, ಕೈಯಿಂದ ಬಂದ ಸ್ಟಫೈಲೋಕಾಕಸ್‌ಗೆ ಎದುರಾಳಿಯೇ ಇರುವುದಿಲ್ಲ. ಉಪ್ಪು ಹಾಕಿದ ಮಾಂಸದಲ್ಲಿ ಅದಕ್ಕೆ ಇನ್ನೊಂದು ಅನುಕೂಲ: ಜೀವಿಗಳಿಗೆ ದಕ್ಕುವ ನೀರಿನ ಅಳತೆಯಾದ ‘ನೀರಿನ ಚಟುವಟಿಕೆ’ 0.86ಕ್ಕೆ ಇಳಿದರೂ ಅದು ಬೆಳೆಯಬಲ್ಲದು, ಹೆಚ್ಚಿನ ನೆರೆಯ ಜಾತಿಗಳು ಅದಕ್ಕೂ ಎಷ್ಟೋ ಮೊದಲೇ ಸೋಲುತ್ತವೆ.

ಶೀತಲಪೆಟ್ಟಿಗೆ ಈ ಪೈಪೋಟಿಯ ಪಕ್ಷಗಳನ್ನು ಬದಲಿಸಿತು. ಲಿಸ್ಟೀರಿಯಾ ಮೊನೊಸೈಟೊಜೆನ್ಸ್ ಸೊನ್ನೆ ಡಿಗ್ರಿಯ ಹತ್ತಿರದಲ್ಲೂ ನಿಧಾನವಾಗಿ ಬೆಳೆಯುತ್ತದೆ, ಚಳಿಗೆ ಹೆದರುವ ನೆರೆಯ ಜಾತಿಗಳು ನಿಂತಲ್ಲೇ ನಿಲ್ಲುತ್ತವೆ. 1981ರಲ್ಲಿ ಕೆನಡಾದ ಪೂರ್ವ ಪ್ರಾಂತ್ಯಗಳಲ್ಲಿ ಕೋಸಿನ ಕೋಸಂಬರಿಯಂಥ ಕೋಲ್‌ಸ್ಲಾದಿಂದ ಹಬ್ಬಿದ ರೋಗ ಲಿಸ್ಟೀರಿಯಾ ಆಹಾರದಿಂದ ಬರುತ್ತದೆ ಎಂಬುದನ್ನು ಖಚಿತಪಡಿಸಿತು. ಕುರಿಗೊಬ್ಬರ ಹಾಕಿ ಬೆಳೆದ ಕೋಸನ್ನು ಚಳಿಗಾಲವಿಡೀ ತಣ್ಣನೆಯ ಕೊಟ್ಟಿಗೆಯಲ್ಲಿ ಇಟ್ಟಿದ್ದರು. ದಕ್ಷಿಣ ಆಫ್ರಿಕದಲ್ಲಿ 2017-18ರಲ್ಲಿ ಪೊಲೋನಿ ಎಂಬ ಬೇಯಿಸಿದ ಸಂಸ್ಕರಿತ ಮಾಂಸದಿಂದ ಸಾವಿರಕ್ಕೂ ಹೆಚ್ಚು ಮಂದಿಗೆ ಲಿಸ್ಟೀರಿಯಾ ತಗಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಬೇಯಿಸಿದ್ದರಿಂದ ನೆರೆಹೊರೆ ಸತ್ತ ಆಹಾರಕ್ಕೆ ಆಮೇಲೆ ಲಿಸ್ಟೀರಿಯಾ ತಗಲುವುದು ಈ ಬಗೆಯ ಆಹಾರಗಳ ದೊಡ್ಡ ದೌರ್ಬಲ್ಯ.

ಇಲ್ಲಿಂದ ಹುಟ್ಟಿದ್ದು ರಕ್ಷಕ ಬ್ಯಾಕ್ಟೀರಿಯಾಗಳ ಕಲ್ಪನೆ. ಚಳಿಯಲ್ಲೂ ಬೆಳೆಯುವ, ರುಚಿ ಕೆಡಿಸದ, ಬ್ಯಾಕ್ಟೀರಿಯೋಸಿನ್ ತಯಾರಿಸುವ ಕಾರ್ನೊಬ್ಯಾಕ್ಟೀರಿಯಂ, ಲ್ಯಾಕ್ಟೋಬ್ಯಾಸಿಲಸ್ ಕರ್ವೇಟಸ್‌ನಂಥ ಜಾತಿಗಳನ್ನು ಬೇಕೆಂದೇ ಪೊಟ್ಟಣಕ್ಕೆ ಸೇರಿಸುತ್ತಾರೆ. ಹೊಗೆಯಾಡಿಸಿದ ಸಾಲ್ಮನ್ ಮೀನಿನಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಮತ್ತು ಲಿಸ್ಟೀರಿಯಾ ಒಟ್ಟಿಗೆ ಹೇಗೆ ಬೆಳೆಯುತ್ತವೆ ಎಂಬುದರ ಗಣಿತ ಮಾದರಿಯನ್ನು ಗಿಮೆನೆಜ್ ಮತ್ತು ಡಾಲ್ಗಾರ್ಡ್ 2004ರಲ್ಲಿ ಪ್ರಕಟಿಸಿದರು. ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ ಉಚಿತ ತಂತ್ರಾಂಶದಲ್ಲಿ ಇಂಥ ಮಾದರಿಗಳನ್ನು ಈಗ ಯಾರು ಬೇಕಾದರೂ ಬಳಸಬಹುದು. ಜೇಮ್ಸನ್ ಪರಿಣಾಮವನ್ನು ಕೈಬಿಟ್ಟು ಮಾಡಿದ ಅಂದಾಜುಗಳು ಲಿಸ್ಟೀರಿಯಾವನ್ನು ಅತಿಯಾಗಿ ಎಣಿಸಿಬಿಡುತ್ತವೆ.

ನೆರೆಹೊರೆ ಯಾವಾಗಲೂ ರೋಗಾಣುವಿನ ವಿರೋಧಿ ಎಂದುಕೊಂಡರೆ ತಪ್ಪಾಗುತ್ತದೆ. ಕ್ಯಾಮಂಬೇರ್ ಚೀಸಿನ ಮೇಲ್ಮೈಯ ಬಿಳಿ ಬೂಷ್ಟು ಲ್ಯಾಕ್ಟಿಕ್ ಆಮ್ಲವನ್ನು ತಿಂದು, ಪ್ರೋಟೀನನ್ನು ಒಡೆದು ಅಮೋನಿಯ ಬಿಡುತ್ತದೆ, ಮೊದಲು 4.6ರಷ್ಟಿದ್ದ ಪಿಎಚ್ ಹಣ್ಣಾದ ಚೀಸಿನ ಮೇಲ್ಮೈಯಲ್ಲಿ 7ರವರೆಗೂ ಏರುತ್ತದೆ. ಹುಳಿಯಿಂದ ಅಡಗಿದ್ದ ಲಿಸ್ಟೀರಿಯಾಗೆ ಬಾಗಿಲು ತೆರೆಯುವುದು ಆಗಲೇ. ಹಾಲಿನ ಪ್ರೋಟೀನನ್ನು ಸ್ಯೂಡೊಮೊನಾಸ್ ಮೊದಲೇ ಒಡೆದಿಟ್ಟಾಗ ಅದೇ ಹಾಲಿನಲ್ಲಿ ಲಿಸ್ಟೀರಿಯಾ ಇನ್ನೂ ಚೆನ್ನಾಗಿ ಬೆಳೆದದ್ದು ಪ್ರಯೋಗಗಳಲ್ಲಿ ಕಂಡಿದೆ. ಅಮೆರಿಕದ ಮಾರುಕಟ್ಟೆಗಳಿಂದ ತಂದ ತರಕಾರಿಗಳ ಒಂದು ಅಧ್ಯಯನದಲ್ಲಿ, ಬ್ಯಾಕ್ಟೀರಿಯಾದಿಂದ ಕೊಳೆತು ಮೆತ್ತಗಾದ ತರಕಾರಿಗಳಲ್ಲಿ ಸಾಲ್ಮೊನೆಲ್ಲಾ ಶಂಕೆಯ ಪ್ರಮಾಣ ಚೆನ್ನಾಗಿದ್ದವುಗಳಿಗಿಂತ ಸುಮಾರು ಇಮ್ಮಡಿ ಇತ್ತು. ಕೊಳೆತ ತುಂಡನ್ನು ಕತ್ತರಿಸಿ ಉಳಿದದ್ದನ್ನು ಹಸಿಯಾಗಿ ತಿನ್ನುವ ರೂಢಿಯನ್ನು ಬಿಡುವುದೇ ಒಳಿತು.

ಪೈಪೋಟಿಯ ವಾದವನ್ನು ಅತಿಯಾಗಿ ಎಳೆಯುವವರು ಹಸಿ ಹಾಲಿನ ಪರ ಮಾತಾಡುತ್ತಾರೆ: ಪಾಶ್ಚರೀಕರಿಸಿದ ಹಾಲಿನಲ್ಲಿ ರೋಗಾಣು ಸೇರಿದರೆ ಹಸಿ ಹಾಲಿಗಿಂತ ಬೇಗ ಬೆಳೆಯುತ್ತದೆ, ಆದ್ದರಿಂದ ಹಸಿ ಹಾಲೇ ಮೇಲು ಎಂಬ ತರ್ಕ. ಮೊದಲ ಭಾಗದಲ್ಲಿ ಸತ್ಯಾಂಶವಿದೆ, ತೀರ್ಮಾನ ಅಪಾಯಕಾರಿ. ಪೈಪೋಟಿ ಹೆಚ್ಚಿನ ಸಂದರ್ಭಗಳಲ್ಲಿ ರೋಗಾಣುವಿನ ಏರಿಕೆಗೆ ಮಿತಿ ಹಾಕುತ್ತದೆಯೇ ಹೊರತು ಅದನ್ನು ಕೊಲ್ಲುವುದಿಲ್ಲ. ಇ. ಕೋಲೈ ಒ157:ಎಚ್7ರ ನೂರಕ್ಕೂ ಕಡಿಮೆ ಕೋಶಗಳು ಮಗುವನ್ನು ಆಸ್ಪತ್ರೆಗೆ ಸೇರಿಸಬಲ್ಲವು. ಅಂಥ ರೋಗಾಣು ಆಹಾರದಲ್ಲಿ ಬೆಳೆಯಲೇಬೇಕೆಂದಿಲ್ಲ, ಇದ್ದರೆ ಸಾಕು. ವಿಷ ತಯಾರಿಸಲು ಗ್ರಾಮಿಗೆ ಲಕ್ಷದಷ್ಟಾದರೂ ಬೆಳೆಯಬೇಕಾದ ಸ್ಟಫೈಲೋಕಾಕಸ್‌ನ ಎದುರು ಪೈಪೋಟಿ ಒಳ್ಳೆಯ ಕಾವಲು. ಒ157ರ ಎದುರು ಹಾಲನ್ನು ಕಾಯಿಸಲೇಬೇಕು.

ಈ ಪೈಪೋಟಿ ತಟ್ಟೆಯಿಂದ ಕರುಳಿಗೂ ಮುಂದುವರಿಯುತ್ತದೆ. 1950-60ರ ದಶಕಗಳಲ್ಲಿ ಬಾನ್‌ಹಾಫ್ ಮತ್ತು ಮಿಲ್ಲರ್ ಇಲಿಗಳಿಗೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದಾಗ, ಸೋಂಕಿಗೆ ಲಕ್ಷದಷ್ಟು ಬೇಕಾಗಿದ್ದ ಸಾಲ್ಮೊನೆಲ್ಲಾ ಕೋಶಗಳು ಹತ್ತಕ್ಕೂ ಕಡಿಮೆಯಾದರೂ ಸಾಕಾದವು. ಕರುಳಿನ ನಿವಾಸಿಗಳನ್ನು ಔಷಧಿ ತೆರವುಗೊಳಿಸಿತ್ತು. ಆದರೆ ಔಷಧಿಯಿಲ್ಲದೆಯೂ ಸಾಲ್ಮೊನೆಲ್ಲಾ ಹೇಗೆ ಗೆಲ್ಲುತ್ತದೆ ಎಂಬುದು ಬಹುಕಾಲ ಬಿಡಿಸದ ಪ್ರಶ್ನೆಯಾಗಿತ್ತು. ಉತ್ತರದ ಒಂದು ತುಂಡು 2010ರಲ್ಲಿ ಸಿಕ್ಕಿತು. ಸಾಲ್ಮೊನೆಲ್ಲಾ ಕರುಳಿನ ಗೋಡೆಯಲ್ಲಿ ಉರಿಯೂತ ಎಬ್ಬಿಸುತ್ತದೆ. ಉರಿಯೂತದ ರಾಸಾಯನಿಕಗಳು ಅಲ್ಲಿನ ಗಂಧಕದ ಸಂಯುಕ್ತವನ್ನು ಟೆಟ್ರಾಥಯೊನೇಟ್ ಆಗಿಸುತ್ತವೆ. ಆಮ್ಲಜನಕವಿಲ್ಲದ ಜಾಗದಲ್ಲಿ ಆಮ್ಲಜನಕಕ್ಕೆ ಬದಲಾಗಿ ಅದನ್ನು ಬಳಸಿ ಉಸಿರಾಡುವ ಶಕ್ತಿ ಸಾಲ್ಮೊನೆಲ್ಲಾಗಿದೆ, ಅಲ್ಲಿನ ಬಹುಪಾಲು ಪೈಪೋಟಿಗಾರರಿಗಿಲ್ಲ. 1923ರಿಂದಲೂ ಪ್ರಯೋಗಾಲಯಗಳು ಸಾಲ್ಮೊನೆಲ್ಲಾವನ್ನು ಹೆಕ್ಕಿ ಬೆಳೆಸಲು ಬಳಸುತ್ತ ಬಂದದ್ದು ಟೆಟ್ರಾಥಯೊನೇಟ್ ದ್ರವವನ್ನೇ. ಒಂದು ಕಾಲದ ಪ್ರಯೋಗಾಲಯದ ಉಪಾಯಕ್ಕೆ ಕರುಳಿನಲ್ಲೇ ಸಮರ್ಥನೆ ಸಿಕ್ಕದ್ದು ಈ ಕ್ಷೇತ್ರದ ಅತ್ಯಂತ ಸುಂದರ ಸಂಗತಿಗಳಲ್ಲೊಂದು.

ಕರುಳಿನ ಪೈಪೋಟಿಯನ್ನು ಆಹಾರ ಸುರಕ್ಷತೆಗೆ ನೇರವಾಗಿ ಹೂಡಿದವರು ಫಿನ್ಲೆಂಡಿನ ನುರ್ಮಿ ಮತ್ತು ರಂಟಾಲ. 1971ರಲ್ಲಿ ಆ ದೇಶದ ಕೋಳಿಗಳಲ್ಲಿ ಸಾಲ್ಮೊನೆಲ್ಲಾ ಇನ್ಫಾಂಟಿಸ್ ವ್ಯಾಪಕವಾಗಿ ಹಬ್ಬಿತ್ತು. ಯಂತ್ರದ ಕಾವಿನಲ್ಲಿ ಹುಟ್ಟುವ ಮರಿಗೆ ತಾಯಿಯ ಸಂಪರ್ಕವಿಲ್ಲ. ಅದರ ಕರುಳು ಬರಿದಾಗಿರುತ್ತದೆ, ಮೊದಲು ಬಂದವರಿಗೆ ಅದು ದಕ್ಕುತ್ತದೆ. ಆರೋಗ್ಯವಂತ ದೊಡ್ಡ ಕೋಳಿಯ ಕರುಳಿನ ಬ್ಯಾಕ್ಟೀರಿಯಾವನ್ನು ಹುಟ್ಟಿದೊಡನೆ ಮರಿಗಳಿಗೆ ಕುಡಿಸಿದಾಗ ಸಾಲ್ಮೊನೆಲ್ಲಾ ಬೇರೂರುವುದು ಬಹುಮಟ್ಟಿಗೆ ತಪ್ಪಿತು ಎಂದು ಅವರು 1973ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. 1998ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಇಂಥದ್ದೇ ಒಂದು ತಯಾರಿಕೆಯಲ್ಲಿ 29 ಬಗೆಯ ಬ್ಯಾಕ್ಟೀರಿಯಾಗಳಿದ್ದವು. ಅದನ್ನು ಮರಿಗಳ ಮೇಲೆ ಸಿಂಪಡಿಸಿದರೆ ಅವು ಪುಕ್ಕ ಕುಕ್ಕಿಕೊಳ್ಳುತ್ತ ತಾವೇ ನುಂಗುತ್ತಿದ್ದವು. ಒಂದೆರಡು ಜಾತಿಗಳನ್ನಷ್ಟೇ ಆರಿಸಿ ಕೊಟ್ಟಾಗ ಈ ರಕ್ಷಣೆ ದುರ್ಬಲವಾಗುತ್ತದೆ, ಇಡೀ ಸಮುದಾಯವನ್ನು ಕೊಟ್ಟಾಗ ಗಟ್ಟಿಯಾಗುತ್ತದೆ. ಸಾಲ್ಮೊನೆಲ್ಲಾ ಮೊದಲೇ ಕರುಳಿಗೆ ಇಳಿದಿದ್ದರೆ ಹೆಚ್ಚಿನ ಫಲವಿಲ್ಲ, ಮೇವಿನಲ್ಲಿ ಆ್ಯಂಟಿಬಯಾಟಿಕ್ ಬೆರೆತಿದ್ದರೆ ಕೊಟ್ಟ ಬ್ಯಾಕ್ಟೀರಿಯಾವೇ ಸಾಯುತ್ತದೆ. ಹಾಗಾಗಿ ಈ ಸಿಂಪಡಣೆ ನಡೆಯಬೇಕಾದದ್ದು ಮರಿ ಮೊಟ್ಟೆಯೊಡೆದು ಬಂದ ಮೊದಲ ದಿನವೇ, ಸಾಕಣೆ ಕೇಂದ್ರಕ್ಕೆ ಸಾಗಿಸುವ ಮುನ್ನ, ಮರಿಮನೆಯಲ್ಲೇ.